ಯಾರಿಗೂ ಹೇಳಬಾರದ ಆರು ಅಂಕಿ

ಸವಣೂರಿನ ಒಂದು ಹೊಲಿಗೆ ಕೇಂದ್ರದ ಹೆಂಗಸರು ತಮ್ಮ ಸುಖದುಃಖ ಬರೆದುಕೊಳ್ಳಲು ತಮ್ಮದೇ ಚಿಕ್ಕ ಜಾಲತಾಣ ಇಟ್ಟುಕೊಂಡಿದ್ದರು. ಅದು ಕೇಂದ್ರದ ಹಳೆಯ ಕಂಪ್ಯೂಟರಿನಲ್ಲೇ ನಡೆಯುತ್ತಿತ್ತು, ನೋಡಿಕೊಳ್ಳುವವನು ನಾನು. ಗುರುತಿಲ್ಲದವರು ಖಾತೆ ತೆರೆಯತೊಡಗಿದಾಗ ಎರಡು ಬಂದೋಬಸ್ತು ಮಾಡಿದೆ. ಹೊಸಬರಿಗೆ ಕೇಂದ್ರ ನಡೆಸುವ ನೀಲಕ್ಕನ ಒಪ್ಪಿಗೆ ಬೇಕು. ಹಳಬರು ಪಾಸ್‌ವರ್ಡಿನ ಜೊತೆ ಫೋನಿಗೆ ಬರುವ ಆರು ಅಂಕಿಯನ್ನೂ ಕೊಡಬೇಕು.

ಅದಾದ ಮೇಲೆ ಕಂಪ್ಯೂಟರಿನ ಮುಂದೆ ಮೊದಲು ಕುಳಿತವಳು ರೇಣುಕಾ. ಪಾಸ್‌ವರ್ಡ್ ಒತ್ತಿ ನನ್ನತ್ತ ತಿರುಗಿದಳು.

"ಅಂಕಿ ಯಾವ ಫೋನಿಗೆ ಹೋಗತೈತ್ರಿ?"

"ನೀವು ಬರೆಸಿದ ನಂಬರಿಗೆ."

"ಅದು ನಮ್ಮ ಮನಿಯವರದ್ರಿ!"

ಗಂಡನ ಹೊಡೆತದ ಬಗ್ಗೆ ಅವಳು ಬರೆದದ್ದೆಲ್ಲ ಆ ತಾಣದಲ್ಲೇ ಇತ್ತು. ನಾನು ಪಟ್ಟಿ ತೆಗೆದು ನೋಡಿದೆ. ನಂಬರ್ ಕೇಳಿದರೆ ಗಂಡನದನ್ನೇ ಬರೆಸುವುದು ಇಲ್ಲಿನ ರೂಢಿ. ಬಹುತೇಕ ಎಲ್ಲರೂ ಹಾಗೇ ಮಾಡಿದ್ದರು.

ಅಷ್ಟರಲ್ಲಿ ನೀಲಕ್ಕನ ಫೋನ್ ರಿಂಗಾಯಿತು. ರೇಣುಕಾಳ ಗಂಡನೇ. ನೀಲಕ್ಕ ಸ್ಪೀಕರಿಗೆ ಹಾಕಿದಳು. ಹೊಲಿಗೆ ಯಂತ್ರಗಳೆಲ್ಲ ನಿಂತವು.

"ಅಕ್ಕಾರ, ನಿಮ್ಮ ಕೇಂದ್ರದ ಹೆಸರಿಲೆ ನನ್ನ ಫೋನಿಗೆ ಅಂಕಿ ಬಂದಾವು. ಏನ್ರಿ ಇದು?"

"ನಿಮ್ಮಾಕಿ ಹಾಜರಿ ಹಾಕೋ ಅಂಕಿ ಅವ್ರಿ. ಓದಿ ಹೇಳ್ರಿ."

ಅವನು ಆರೂ ಅಂಕಿ ಓದಿದ. "ಯಾರಿಗೂ ಹೇಳಬೇಡಿ ಅಂತ ಬರದೈತ್ರಿ," ಎಂದೂ ಸೇರಿಸಿದ.

"ಹಂಗಾರ ಇನ್ನ ಯಾರಿಗೂ ಹೇಳಬ್ಯಾಡ್ರಿ," ಎಂದು ನೀಲಕ್ಕ ಫೋನ್ ಇಟ್ಟಳು.

ರೇಣುಕಾ ಅಂಕಿ ಒತ್ತಿದಳು, ಅವಳ ಪುಟ ತೆರೆಯಿತು. ಅವತ್ತೇ ಎಲ್ಲ ನಂಬರುಗಳನ್ನು ಅಳಿಸಿ, ಫೋನಿನ ಬದಲು ನೋಡಿ ಒತ್ತಲು ಪ್ರತಿಯೊಬ್ಬರಿಗೂ ಅಂಕಿಗಳ ಚೀಟಿ ಮುದ್ರಿಸಿ ಕೊಟ್ಟೆ. ಚೀಟಿಗಳು ಈಗ ಹೊಲಿಗೆ ದಾರದ ಬಾಬಿನ್ ಡಬ್ಬಿಗಳಲ್ಲಿವೆ.

ರೇಣುಕಾಳ ಗಂಡ ಸಂತೆಯಲ್ಲಿ ಸಿಕ್ಕಾಗಲೆಲ್ಲ ನಾನು ಬೇರೆ ದಾರಿ ಹಿಡಿಯಲು ನೋಡುತ್ತೇನೆ. ಅವನು ಹತ್ತಿರ ಬಂದು ದನಿ ತಗ್ಗಿಸುತ್ತಾನೆ: "ಆ ಅಂಕಿ ಇನ್ನೂ ಯಾರಿಗೂ ಹೇಳಿಲ್ರಿ."