ಗ್ರಹಣದ ತಲೆಗೆ ಕಟ್ಟಿದ ಕಿವುಡು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ನ್ಯಾಮತಿ ಕಡೆ ನರ್ಸ್ ಆಗಿದ್ದೆ. ಆ ಭಾಗದ ಬಸುರಿಯರ ಮೇಲೆ ನನಗಿಂತ ಹೆಚ್ಚು ಅಧಿಕಾರ ಇದ್ದದ್ದು ಗ್ರಹಣಕ್ಕೆ. ಮಗುವಿನ ತುಟಿ ಸೀಳಿದ್ದರೆ ಗ್ರಹಣ, ಬೆರಳು ಕೂಡಿಕೊಂಡಿದ್ದರೆ ಗ್ರಹಣ, ಮೈಮೇಲೊಂದು ಮಚ್ಚೆ ಇದ್ದರೂ ಗ್ರಹಣ. ವಿಚಿತ್ರವೆಂದರೆ ಈ ಗ್ರಹಣ ಹೆಂಗಸರನ್ನು ಮಾತ್ರ ಹುಡುಕಿಕೊಂಡು ಬರುತ್ತಿತ್ತು. ಗಂಡಸರು ಆ ಹೊತ್ತಿನಲ್ಲಿ ಕಟ್ಟೆಯ ಮೇಲೆ ಕೂತು ಬೀಡಿ ಸೇದಿದರೂ ಅವರ ಮಕ್ಕಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಇದೆಲ್ಲ ಸುಳ್ಳು ಎಂದು ನಾನು ಮನೆಮನೆಗೂ ಹೋಗಿ ಗಂಟಲು ಹರಿದುಕೊಳ್ಳುತ್ತಿದ್ದೆ. ಅವರು ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು.

ಹಾಗೆ ಹೋಗುತ್ತಿದ್ದ ಮನೆಗಳಲ್ಲಿ ಒಂದು, ಕಾಳು ಬೆಲ್ಲದ ಅಂಗಡಿಯವರದು. ಮನೆಯ ಯಜಮಾನಿಕೆ ಅಜ್ಜಿಯದು. ಹೊರಗಿನ ಹೆಣ್ಣು ತರುವುದಿಲ್ಲ ಎನ್ನುವುದೇ ಆಕೆಯ ದೊಡ್ಡಸ್ತಿಕೆ. ಬಸವಾಪಟ್ಟಣಕ್ಕೆ ಕೊಟ್ಟಿದ್ದ ಮಗಳ ಮಗಳನ್ನೇ ತನ್ನ ಮಗನಿಗೆ ತಂದುಕೊಂಡಿದ್ದಳು. ಹೀಗಾಗಿ ಆ ಸೊಸೆಗೆ ಗಂಡನೇ ಸೋದರಮಾವ, ಅತ್ತೆಯೇ ಸ್ವಂತ ಅಜ್ಜಿ. "ನಮ್ಮ ಆಸ್ತಿ ನಮ್ಮಾಗೇ, ನಮ್ಮ ರಕ್ತ ನಮ್ಮಾಗೇ ಐತೆ ನರ್ಸಮ್ಮ" ಎಂದು ನನಗೆ ಎಷ್ಟು ಸಲ ಹೇಳಿದ್ದಳೋ.

ಸೊಸೆಗೆ ಇಬ್ಬರು ಮಕ್ಕಳು. ದೊಡ್ಡವನಿಗೆ ನಾಲ್ಕಾದರೂ ಮಾತು ಬರಲಿಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚಿದರು; ಪಾಪ, ನಾಲಿಗೆಯದೇನೂ ತಪ್ಪಿರಲಿಲ್ಲ. ನಾನು ಅವನ ಬೆನ್ನ ಹಿಂದೆ ನಿಂತು ತಟ್ಟೆ ಬಡಿದೆ. ಮೂಲೆಯಲ್ಲಿದ್ದ ಬೆಕ್ಕು ಓಡಿಹೋಯಿತು, ಅವನು ತನ್ನ ಪಾಡಿಗೆ ಆಡುತ್ತಲೇ ಇದ್ದ. ಸೊಸೆ ಗ್ರಹಣ ನೋಡಿರಬೇಕು ಎಂದು ತೀರ್ಮಾನವಾಯಿತು. ಆದರೆ ಎರಡನೆಯವಳಿಗೂ ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಾದಾಗ ತೊಡಕಾಯಿತು. ಆ ಬಸುರಿನಲ್ಲಿ ಊರಿಗೆ ಗ್ರಹಣವೇ ಹಿಡಿದಿರಲಿಲ್ಲ.

ಅಜ್ಜಿ ಈಗ ಸೊಸೆಯ ರಕ್ತದಲ್ಲೇ ದೋಷ ಕಂಡಳು. ಪರಿಹಾರವನ್ನೂ ತಾನೇ ಕಂಡುಹಿಡಿದಳು: ಮಗನಿಗೆ ಇನ್ನೊಂದು ಮದುವೆ. ಹೊರಗಿನಿಂದ ಬಂದವಳು ಸವತಿಯ ಮಕ್ಕಳನ್ನು ನೋಡಿಕೊಳ್ಳುತ್ತಾಳೆಯೇ? ಅದಕ್ಕೆ ಸೊಸೆಯ ಒಡಹುಟ್ಟಿದ ತಂಗಿಯೇ ಆಗಬೇಕಂತೆ, ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿ. ಬಾವಿಯ ನೀರು ಕೆಟ್ಟಿದೆ ಎಂದು ಅದೇ ಬಾವಿಗೆ ಇನ್ನೊಂದು ಕೊಡ ಇಳಿಸುವ ಬುದ್ಧಿವಂತಿಕೆ ಇದು.

ಬಸವಾಪಟ್ಟಣದವರು ಮಾತುಕತೆಗೆಂದು ಹುಡುಗಿಯನ್ನೂ ಕರೆದುಕೊಂಡು ಬಂದ ದಿನ, ನಾನು ಚುಚ್ಚುಮದ್ದಿನ ನೆಪ ಹೇಳಿಕೊಂಡು ಒಳಗೆ ನುಗ್ಗಿದೆ. ಕೆಲವು ಕಿವುಡು ಒಂದು ಕಡೆಯಿಂದ ಬಂದರೆ ಮೈಯಲ್ಲಿ ಸುಮ್ಮನೆ ಅಡಗಿರುತ್ತದೆ, ತಾಯಿ ತಂದೆ ಇಬ್ಬರಿಂದಲೂ ಬಂದು ಕೂಡಿದಾಗ ಮಗುವಿನಲ್ಲಿ ಕಾಣಿಸಿಕೊಳ್ಳುತ್ತದೆ, ಹತ್ತಿರದ ಸಂಬಂಧದಲ್ಲಿ ಹಾಗೆ ಕೂಡುವುದು ಹೆಚ್ಚು, ತಂಗಿಯನ್ನು ತಂದರೂ ಇದೇ ಆಗಬಹುದು ಎಂದೆ. ಮದುಮಗನಾಗಲು ಕೂತಿದ್ದ ಮಹಾಶಯ ತೊಲೆ ನೋಡುತ್ತಿದ್ದ.

"ನೀವು ಮಕ್ಕಳಾಗದಂಗೆ ಲೂಪು ಹಾಕಾಕೆ ಬಂದೋರು, ಅಷ್ಟು ಮಾಡ್ರಿ ಸಾಕು" ಎಂದಳು ಅಜ್ಜಿ. "ನಮ್ಮ ರಕ್ತದಾಗೆ ಕಿವುಡು ಇಲ್ಲ. ದೋಷ ಇರಾದು ಇವಳ ರಕ್ತದಾಗೆ."

ಕಾಫಿ ಕೊಡುತ್ತಿದ್ದ ಸೊಸೆ ತಟ್ಟೆ ಕೆಳಗಿಟ್ಟಳು.

"ನನ್ನ ರಕ್ತ ಎಲ್ಲಿಂದ ಬಂತಜ್ಜಿ? ನಮ್ಮವ್ವನ್ನ ಹೆತ್ತಾಕಿ ನೀನು. ಮಾವನ್ನ ಹೆತ್ತಾಕಿನೂ ನೀನೇ. ದೋಷ ಹುಡುಕಾಕೆ ಹೊರಟ್ರೆ ಅದು ನಿನ್ನ ತಾವೇ ಬಂದು ನಿಲ್ತೈತೆ."

ನನಗೆ ಆಕೆಯನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಅಜ್ಜಿ ಎಲೆಗೆ ಸುಣ್ಣ ಹಚ್ಚಿ ಅಡಿಕೆಯೊಂದಿಗೆ ಬಾಯಿಗೆ ಹಾಕಿಕೊಂಡಳು.

"ರಕ್ತದ್ದೇನೂ ಅಲ್ಲ ಬಿಡು. ಗ್ರಹಣ ಹಿಡಿದೇ ಇತ್ತು. ಬ್ಯಾರೆ ದೇಶದಾಗೆ ಹಿಡಿದಿತ್ತು, ನಮಗೆ ಕಾಣ್ಲಿಲ್ಲ ಅಷ್ಟೆ. ಅದರ ನೆಳ್ಳು ಇಲ್ಲಿ ಬಿದ್ದೈತೆ. ಅಲ್ಲೇನ್ರೀ ನರ್ಸಮ್ಮ?"

ಗ್ರಹಣದ್ದೇ ತಪ್ಪಾದರೆ ಎರಡನೆಯ ಮದುವೆಯ ಅಗತ್ಯವೇ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು. "ಹೌದಜ್ಜಿ, ಇದ್ದರೂ ಇರಬಹುದು" ಎಂದೆ. ನಾನು ಕಲಿತ ವಿದ್ಯೆ ಹೊಳೆ ಪಾಲಾಯಿತು, ಹುಡುಗಿ ಶಾಲೆಗೆ ಹೋದಳು.

ಸೊಸೆ ಮೂರನೆಯದು ಬೇಡವೆಂದು ಹೊನ್ನಾಳಿಯಲ್ಲಿ ಆಪರೇಷನ್ ಮಾಡಿಸಿಕೊಂಡಳು. ಅಜ್ಜಿ ಅಡ್ಡಿ ಮಾಡಲಿಲ್ಲ. ಕಾಣದ ಗ್ರಹಣಗಳು ಇನ್ನೆಷ್ಟಿವೆಯೋ ಎಂಬ ಭಯ ಆಕೆಗೂ ಹತ್ತಿತ್ತು.

ಕೆಲವು ವರ್ಷಗಳ ಮೇಲೆ ಆ ತಂಗಿಯ ಮದುವೆ ಬಿಳಿಚೋಡಿನ, ಯಾವ ನಂಟೂ ಇಲ್ಲದ ಮನೆಯ ಹುಡುಗನೊಂದಿಗೆ ಆಯಿತು. ನನ್ನನ್ನೂ ಕರೆದಿದ್ದರು. ಇನ್ನೂ ತಾಳಿ ಬಿದ್ದಿರಲಿಲ್ಲ. ಕೈಸನ್ನೆಯಲ್ಲಿ ಜಗಳವಾಡುತ್ತಿದ್ದ ಅಕ್ಕನ ಮಕ್ಕಳನ್ನು ನೋಡಿ ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು, "ಇವು ಯಾಕೆ ಹಿಂಗೆ? ನಿಮ್ಮ ಮನೆತನದಾಗೆ ಐತೇನು ಇದು?" ಎಂದು ಕೇಳಿದರು.

ಎಲ್ಲ ತಿಳಿದಿದ್ದ ಅಕ್ಕ ಮುಂದೆ ಬಂದಳು. "ಇಲ್ರಿ. ಬಸುರಿದ್ದಾಗ ಗ್ರಹಣದ ಹೊತ್ನಾಗೆ ಹೊರಗೆ ಹೋದೆ. ದೊಡ್ಡೋರು ಬ್ಯಾಡ ಅಂದ್ರೂ ಕೇಳ್ಲಿಲ್ಲ. ಎರಡು ಸಲಾನೂ ನಂದೇ ತಪ್ಪು."

ಗ್ರಹಣ ಸುಳ್ಳು ಎಂದು ಮನೆಮನೆಗೂ ಸಾರಿದ್ದ ನಾನು ಹೌದೌದು ಎಂದು ತಲೆಯಾಡಿಸಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಬೀಗರ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದಳು: "ನೋಡ್ರಿ, ತಪ್ಪು ಒಪ್ಕಳ್ಳೋ ಗುಣ ನಮ್ಮ ರಕ್ತದಾಗೇ ಐತೆ."