ಇಪ್ಪತ್ತೈದನೆಯ ಸಹಿ

ಮೀಟರಪ್ಪನವರು ಹುಟ್ಟಿದ್ದು 1946ನೆಯ ಇಸವಿಯ ಜೂನ್ 11ರಂದು, ಮಂಗಳವಾರ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ನೀರು ಸರಬರಾಜು ಇಲಾಖೆಯ ಪರವಾಗಿ ಮನೆಮನೆಯ ಮೀಟರು ಓದುತ್ತ ತಿರುಗಿದ್ದರಿಂದ ಬಡಾವಣೆಯ ಜನ ಈ ಹೆಸರನ್ನು ಅಂಟಿಸಿದರು. ಕೊನೆಗೆ ಅದು ಅವರ ಹೆಂಡತಿಯ ಬಾಯಿಗೂ ಬಂತು. ಕೆಲಸಕ್ಕೆ ಸೇರಿದ್ದು 1970ರ ಜುಲೈ 1ರಂದು, ನಿವೃತ್ತರಾದದ್ದು 2004ರ ಜೂನ್ 30ರಂದು. ಈ ಮೂವತ್ತನಾಲ್ಕು ವರ್ಷಗಳಲ್ಲಿ ಅವರು ಒಮ್ಮೆಯೂ ಅಂದಾಜಿನ ಮೇಲೆ ಅಂಕಿ ಬರೆದವರಲ್ಲ. ಮನೆಗೆ ಬೀಗ ಬಿದ್ದಿದ್ದರೆ ಮೂರು ಸಲ ಹೋಗುತ್ತಿದ್ದರು; ಮೀಟರಿನ ಗಾಜು ಮಸುಕಾಗಿದ್ದರೆ ನೆಲಕ್ಕೆ ಮೊಣಕಾಲೂರಿ ಕರವಸ್ತ್ರದಿಂದ ಒರೆಸಿ ನೋಡುತ್ತಿದ್ದರು. 1988ರ ಮಾರ್ಚಿನಲ್ಲಿ ಸ್ವಂತ ಅಕ್ಕನ ಮನೆಯ ಕೊಳಾಯಿ ಸೋರಿ ಮೀಟರು ಹುಚ್ಚು ಹಿಡಿದಂತೆ ಓಡಿದಾಗಲೂ ಇದ್ದ ಅಂಕಿಯನ್ನು ಇದ್ದ ಹಾಗೆಯೇ ಬರೆದರು. ಅಕ್ಕ ನಕ್ಕು, “ನಿನ್ನ ಕಣ್ಣು ತಪ್ಪಿಸಿ ಒಂದು ಹನಿ ನೀರೂ ಕದಿಯೋಕಾಗಲ್ಲ ಬಿಡೋ ಮರಿ” ಎಂದಿದ್ದರು. ಆ ಮಾತನ್ನು ಅವರು ಬಿರುದಿನಂತೆ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು.

ಅಕ್ಕ ಅವರಿಗಿಂತ ಆರು ವರ್ಷ ದೊಡ್ಡವರು. 1955ರಲ್ಲಿ ತಾಯಿ ತೀರಿಕೊಂಡಾಗ ಶಾಲೆ ಬಿಟ್ಟು, ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹರಿದ ಹಾಸುಗಳಿಗೆ ತೇಪೆ ಹಾಕುವ ಕೆಲಸ ಹಿಡಿದು ತಮ್ಮನನ್ನು ಓದಿಸಿದವರು. ಮದುವೆಯಾದ ಮೇಲೆ ಬಡಾವಣೆಯ ಮೇಲ್ಸಾಲಿನಲ್ಲಿ, ದಿಣ್ಣೆಯ ನೆತ್ತಿಯ ಮೇಲೆ ಮನೆ ಮಾಡಿದರು. ಗಂಡ ತೀರಿಕೊಂಡ ಮೇಲೂ, ಮಕ್ಕಳಿಲ್ಲದ ಆ ಎರಡು ಕೋಣೆಯ ಮನೆಯನ್ನು ಬಿಡಲಿಲ್ಲ. ತಮ್ಮನ ಮನೆ ಇದ್ದದ್ದು ಕೆಳಸಾಲಿನಲ್ಲಿ. ನಡುವೆ ತೊಂಬತ್ತನಾಲ್ಕು ಕಲ್ಲಿನ ಮೆಟ್ಟಿಲು. ಆಸ್ಪತ್ರೆಯಲ್ಲಿ ಅಕ್ಕನಿಗೆ ವಾರದ ರಜೆ ಗುರುವಾರ ಇರುತ್ತಿತ್ತು. ನಿವೃತ್ತಿಯ ಬಳಿಕವೂ ಪ್ರತಿ ಗುರುವಾರ ನಾಲ್ಕು ಗಂಟೆಗೆ ಅವರು ಇಳಿದು ಬಂದು, ಅಡುಗೆಮನೆಯ ಮೇಜಿನ ಗೋಡೆಬದಿಯ ಕುರ್ಚಿಯಲ್ಲಿ ಕುಳಿತು, ನಾದಿನಿಯ ಜೊತೆ ಸೇರಿ ತಮ್ಮನನ್ನು ಗೇಲಿ ಮಾಡಿ ಆರಕ್ಕೆ ಏಳುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಮಂಡಿ ಕೈಕೊಟ್ಟಿತು. ಹತ್ತುವುದು ಹೇಗೋ ಆಗುತ್ತಿತ್ತು. ಇಳಿಯುವಾಗ ಹಿಡಿದುಕೊಳ್ಳಲು ಏನೂ ಇಲ್ಲದೆ, ಗೋಡೆಗೆ ಅಂಗೈ ಸವರುತ್ತ, ಮಗುವಿನಂತೆ ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಊರಿ ಇಳಿಯಬೇಕಾಗುತ್ತಿತ್ತು.

ಇನ್ನು ಬಡಾವಣೆಯ ನಿವಾಸಿಗಳ ಸಂಘದ ಸಂಗತಿ. ಪಂಪುಮನೆಗೆ ಅಂಟಿಕೊಂಡ ಒಂದು ಕೋಣೆ, ಒಂದು ಮೇಜು, ಮಡಚುವ ಕಬ್ಬಿಣದ ಕುರ್ಚಿಗಳು, ಅರ್ಜಿ ಹಾಕಲು ಒಂದು ಪೆಟ್ಟಿಗೆ. ಬಡಾವಣೆಯ ಸುಧಾರಣೆಗೆಂದು ವರ್ಷಕ್ಕೊಮ್ಮೆ ನಗರಸಭೆಯಿಂದ ಬರುವ ಮೊತ್ತದಲ್ಲಿ ಮೂರು ಕೆಲಸಗಳಾದರೆ ಹೆಚ್ಚು: ಒಂದು ಬೀದಿದೀಪ, ಒಂದು ಚರಂಡಿಯ ಚಪ್ಪಡಿ, ಹೀಗೆ. ಕೇಳುವವರು ಮಾತ್ರ ಹತ್ತು ಕಡೆಯವರು. 2002ರಲ್ಲಿ ಅಂದಿನ ಕಾರ್ಯದರ್ಶಿ ತನ್ನ ಭಾವಮೈದುನನ ಅಂಗಡಿಯ ಮುಂದೆ ಸದ್ದಿಲ್ಲದೆ ಕಲ್ಲು ಹಾಸಿಸಿದ್ದರಿಂದ ದೊಡ್ಡ ರಂಪವಾಯಿತು. 2003ರ ಮಾರ್ಚ್ 9ರ ಭಾನುವಾರ ಸೇರಿದ ಸಭೆ ಮೀಟರಪ್ಪನವರನ್ನು ಕಾರ್ಯದರ್ಶಿಯಾಗಿ ಆರಿಸಿತು. ಅವರು ಆ ವಾರದಲ್ಲೇ ಹದಿನಾಲ್ಕು ನಿಯಮಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರು. ಪ್ರತಿ ಅರ್ಜಿಗೂ ಇಪ್ಪತ್ತೈದು ಮನೆಗಳ ಇಪ್ಪತ್ತೈದು ಸಹಿ ಇರತಕ್ಕದ್ದು. ಸೆಪ್ಟೆಂಬರ್ 30ರ ಸಂಜೆ ಆರು ಗಂಟೆ ಕಡೆಯ ಗಡುವು. ಹನ್ನೊಂದನೆಯದು ಅವರಿಗೆ ಅಚ್ಚುಮೆಚ್ಚು: “ಪದಾಧಿಕಾರಿಗಳ ಹತ್ತಿರದ ಸಂಬಂಧಿಗಳು ಯಾವ ಅರ್ಜಿಗೂ ಸಹಿ ಮಾಡತಕ್ಕದ್ದಲ್ಲ, ಮಾಡಿದಲ್ಲಿ ಅಂಥ ಸಹಿ ಊರ್ಜಿತವಲ್ಲ.”

ಆದರೆ ಮನುಷ್ಯ ಕಲ್ಲೆದೆಯವರಲ್ಲ. ದಿನವೂ ಸಂಜೆ ಪೆಟ್ಟಿಗೆ ತೆರೆದು ಅರ್ಜಿಗಳ ಮೇಲೆ ಕಣ್ಣಾಡಿಸುವರು. ಯಾರದಾದರೂ ಅರ್ಜಿಯಲ್ಲಿ ಕುಂದು ಕಂಡರೆ ಗಡುವಿನೊಳಗೆ ಅವರ ಮನೆಗೇ ಹೋಗಿ ಎಚ್ಚರಿಸುವರು. 2011ರ ಸೆಪ್ಟೆಂಬರ್ 26, ಸೋಮವಾರ, ತಿರುವಿನಲ್ಲಿ ದೀಪ ಕೇಳಿದ್ದ ಕ್ಷೌರಿಕನ ಅರ್ಜಿಯಲ್ಲಿ ಒಂದೇ ಮನೆಯವರ ಎರಡು ಸಹಿ ಕಂಡಾಗ ಅವನ ಅಂಗಡಿಯವರೆಗೆ ನಡೆದು ಹೋದದ್ದೂ ಈ ರೂಢಿಯಂತೆಯೇ.

ಅದರ ಮರುದಿನವಲ್ಲ, ಅದರಾಚೆಯ ದಿನ, 28ನೆಯ ತಾರೀಖು ಬುಧವಾರ, ಅಕ್ಕ ತಾವೇ ಅರ್ಜಿ ಹಿಡಿದು ಸಂಘದ ಕೋಣೆಗೆ ಬಂದರು. ಮೆಟ್ಟಿಲುಗಳ ಉದ್ದಕ್ಕೂ ಕಬ್ಬಿಣದ ಕಂಬಿ ಹಾಕಿಸಿಕೊಡಬೇಕೆಂಬ ಕೋರಿಕೆ. ಒಂಬತ್ತು ದಿನ ಆ ಮಂಡಿ ಹೊತ್ತುಕೊಂಡು ಮನೆಮನೆ ಸುತ್ತಿ ಸಹಿ ಕೂಡಿಸಿದ್ದರು.

“ನೋಡ್ಕೊಳ್ಳೋ ಮರಿ, ಸರಿಯಾಗಿದೆಯಾ? ಇಪ್ಪತ್ತನಾಲ್ಕು ಮನೆಯೋರು ಹಾಕಿದ್ದಾರೆ. ಕೊನೇದು ನಂದು. ನನ್ನ ಅಕ್ಷರ ನೋಡಿ ನಗಬೇಡ.”

ಮೀಟರಪ್ಪನವರು ಓದಿದರು. ಇಪ್ಪತ್ತೈದನೆಯ ಸಾಲಿಗೆ ಬಂದಾಗ ಕಣ್ಣು ಗೋಡೆಯ ಮೇಲಿನ ಹನ್ನೊಂದನೆಯ ನಿಯಮದತ್ತ ಹೋಯಿತು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು: ಇನ್ನೊಂದು ಮನೆಯವರಿಂದ ಹಾಕಿಸಿಕೊಂಡು ಬಾ ಅಕ್ಕ, ಎರಡು ದಿನ ಸಮಯವಿದೆ. ಅಷ್ಟರಲ್ಲಿ ಹಿಂದಿನ ಕಾರ್ಯದರ್ಶಿಯ ಭಾವಮೈದುನನ ಅಂಗಡಿಯ ಕಲ್ಲುಹಾಸು ಕಣ್ಣೆದುರಿಗೆ ಬಂತು. ಅಕ್ಕನ ಅರ್ಜಿಯನ್ನು ಕಾರ್ಯದರ್ಶಿಯೇ ತಿದ್ದಿಸಿದ ಎಂದು ನಾಳೆ ಯಾರಾದರೂ ಅಂದರೆ? ಅವರು ಮೊಹರು ಒತ್ತಿ, ಗಡಿಯಾರ ನೋಡಿ, “ಹನ್ನೊಂದು ಇಪ್ಪತ್ತು” ಎಂದು ಬರೆದು ರಸೀದಿ ಹರಿದು ಕೊಟ್ಟರು.

“ಸ್ವೀಕರಿಸಿದ್ದೀನಿ. ಸಮಿತಿ ನೋಡುತ್ತೆ. ರಸೀದಿ ಜೋಪಾನವಾಗಿ ಇಟ್ಕೊ.”

“ಅಬ್ಬಾ, ಏನ್ ಗತ್ತೋ ನಿಂದು!” ಎಂದು ಅಕ್ಕ ರಸೀದಿಯನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟರು.

ಅಕ್ಟೋಬರ್ 16, ಭಾನುವಾರ, ಸರ್ವಸದಸ್ಯರ ಸಭೆ. ಏಳನೆಯ ಅರ್ಜಿ ಬಂದಾಗ ಮೀಟರಪ್ಪನವರು ಎದ್ದು ನಿಂತು ಓದಿದರು: ಹನ್ನೊಂದನೆಯ ನಿಯಮದ ಪ್ರಕಾರ ಒಂದು ಸಹಿ ಅನೂರ್ಜಿತ, ಉಳಿದದ್ದು ಇಪ್ಪತ್ತನಾಲ್ಕು, ಅರ್ಜಿ ತಿರಸ್ಕೃತ. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಅಕ್ಕನತ್ತ ನೋಡಲಿಲ್ಲ.

ಅಧ್ಯಕ್ಷರಾಗಿದ್ದ ಹಲ್ಲಿನ ಡಾಕ್ಟರು ಸಮಾಧಾನದ ಸ್ವಭಾವದವರು. “ಒಂದು ಸಹಿ ತಾನೇ ಸಾರ್? ಒಂದು ಹಲ್ಲು ಹೋಯ್ತು ಅಂತ ಬಾಯಿಗೇ ಹೊಲಿಗೆ ಹಾಕಿಬಿಡ್ತೀವಾ?” ಎಂದರು. ಸಭೆ ನಕ್ಕಿತು.

“ಇಪ್ಪತ್ತೈದು ಅಂದ್ರೆ ಇಪ್ಪತ್ತೈದು ಡಾಕ್ಟರೇ. ಅರ್ಜಿ ಕೊಟ್ಟಿರೋದು ನನ್ನ ಒಡಹುಟ್ಟಿದ ಅಕ್ಕ. ಅದಕ್ಕೇ ನಾನು ಇದನ್ನ ಬಿಡೋ ಹಾಗಿಲ್ಲ.”

ಡಾಕ್ಟರು, “ಇಂಥವರು ನಮ್ಮ ಕಾರ್ಯದರ್ಶಿ ಅನ್ನೋದು ನಮಗೆ ಹೆಮ್ಮೆ” ಎಂದರು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಆ ಚಪ್ಪಾಳೆ ಹತ್ತು ಕ್ಷಣ ನಡೆದಿರಬಹುದು. ಆ ಹತ್ತು ಕ್ಷಣ ಮೀಟರಪ್ಪನವರಿಗೆ ಹಿತವಾಗಿತ್ತು. ಇದೊಂದನ್ನು ಅವರು ಆಮೇಲೆ ಎಂದಿಗೂ ತಮಗೆ ತಾವೇ ಕ್ಷಮಿಸಿಕೊಳ್ಳಲಾರದೆ ಹೋದರು.

ದೀಪ ಮಂಜೂರಾದ ಖುಷಿಯಲ್ಲಿದ್ದ ಕ್ಷೌರಿಕ ತಾನೂ ಎದ್ದು ನಿಂತ. ಒಳ್ಳೆಯ ಮನಸ್ಸಿನವನು; ಹೊಗಳುವುದಕ್ಕೆಂದೇ ಎದ್ದವನು. “ಸೆಕ್ರೆಟರಿ ಸಾರ್ ಬಗ್ಗೆ ನಾನೊಂದು ಮಾತು ಹೇಳ್ಲೇಬೇಕು. ನನ್ನ ಅರ್ಜೀಲೂ ಒಂದು ಸಹಿ ಎಡವಟ್ಟಾಗಿತ್ತು. ಅಂಗಡಿವರೆಗೂ ನಡ್ಕೊಂಡು ಬಂದು, ‘ಸರಿ ಮಾಡ್ಕೊಳ್ಳಯ್ಯಾ, ಇನ್ನೂ ನಾಲ್ಕು ದಿನ ಇದೆ’ ಅಂದ್ರು. ಮುಖಕ್ಕೆಲ್ಲ ಸೋಪು ಹಚ್ಚಿಸ್ಕೊಂಡು ಕೂತಿದ್ದ ಗಿರಾಕಿ ಕೈಗೇ ಪೆನ್ನು ಕೊಟ್ಟು ಸಹಿ ಹಾಕಿಸ್ದೆ ನೋಡಿ!”

ಮತ್ತೆ ನಗು. ನಗು ಇಳಿಯುವ ಹೊತ್ತಿಗೆ ಅಕ್ಕ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದಿದ್ದರು.

“ಮರಿ, ಬುಧವಾರ ನನ್ನ ಎದುರಿಗೇ ಓದಿದೆಯಲ್ಲ. ಆವಾಗ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ನನ್ನ ಜಾಗದಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ ಹೇಳ್ತಿದ್ದೆಯಾ?”

ಒಂದು ಅಂಕಿಯನ್ನೂ ತಪ್ಪು ಬರೆಯದ ಮನುಷ್ಯ ಸುಳ್ಳು ಹೇಳಲಾರದೆ ಹೋದರು. “ಹೇಳ್ತಿದ್ದೆ ಅಕ್ಕ.”

“ಸರಿ ಹಾಗಾದ್ರೆ” ಎಂದು ಅಕ್ಕ ಚೀಲ ತೆಗೆದುಕೊಂಡು ಹೊರಟುಹೋದರು.

ಅಕ್ಟೋಬರ್ 20ರ ಗುರುವಾರ ನಾಲ್ಕು ಹೊಡೆಯಿತು, ಐದು ಹೊಡೆಯಿತು. ಹೆಂಡತಿ ಒಲೆಯ ಮುಂದೆ ನಿಂತು, “ಚಹಾ ಎಷ್ಟು ಲೋಟ ಇಡ್ಲಿ ಮೀಟರಪ್ಪನೋರೇ? ನಿಮ್ಮ ನಿಯಮದಲ್ಲಿ ಏನ್ ಬರೆದಿದೆ ನೋಡಿ ಹೇಳಿ” ಎಂದರು. ಮುಂದಿನ ಗುರುವಾರವೂ ಅಕ್ಕ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ತಾವೇ ಹತ್ತಿ ಹೋಗಬಹುದಿತ್ತು; ಮೂವತ್ತನಾಲ್ಕು ವರ್ಷ ಆ ಮೆಟ್ಟಿಲು ತುಳಿದ ಕಾಲುಗಳಲ್ಲಿ ಇನ್ನೂ ಕಸುವಿತ್ತು. ಆದರೆ ಹೋದರೆ ತಪ್ಪು ತಮ್ಮದೆಂದು ಒಪ್ಪಿಕೊಂಡಂತಾದೀತಲ್ಲ. ನಿಯಮ ಪಾಲಿಸಿದ್ದು ತಪ್ಪೇ? ಹೆಂಡತಿ ಎರಡು ಸಲ ಒಬ್ಬರೇ ಹೋಗಿ ಬಂದರು. ಏನು ಮಾತಾಯಿತೆಂದು ಮೀಟರಪ್ಪನವರು ಕೇಳಲಿಲ್ಲ, ಹೆಂಡತಿ ಹೇಳಲಿಲ್ಲ.

2012ರ ಮಾರ್ಚ್ 7, ಬುಧವಾರ. ತಾವು ಮಾಡಿದ್ದು ಸರಿಯೆಂದು ಕಾಗದದ ಮೇಲೆ ರುಜುವಾತು ಮಾಡಿಬಿಡಬೇಕೆಂಬ ಹಟ ಹುಟ್ಟಿ, ಮೀಟರಪ್ಪನವರು ಸಂಘದ ಕೋಣೆಯ ಬಾಗಿಲು ಹಾಕಿಕೊಂಡು ಹಳೆಯ ದಿನಚರಿಗಳನ್ನೆಲ್ಲ ತೆರೆದು ಕುಳಿತರು. ಒಂಬತ್ತು ವರ್ಷಗಳಲ್ಲಿ ಕುಂದು ಇದ್ದ ಅರ್ಜಿಗಳು ಎಷ್ಟು, ಯಾರಿಗೆ ಯಾವತ್ತು ತಿಳಿಸಿದ್ದು, ಎಲ್ಲವನ್ನೂ ಸಾಲಾಗಿ ಇಳಿಸಿದರು. ಚರಂಡಿ ಕೇಳಿದ ಬಡಗಿಗೆ, 2004ರ ಸೆಪ್ಟೆಂಬರ್ 22. ಮರ ಕಡಿಸಲು ಕೇಳಿದ ಔಷಧಿ ಅಂಗಡಿಯವನಿಗೆ, 2006ರ ಸೆಪ್ಟೆಂಬರ್ 29, ಗಡುವಿಗೆ ಒಂದು ದಿನ ಮುಂಚೆ. ತಮ್ಮನ್ನು ನಾಲ್ಕು ಜನರೆದುರು ಬೈದಿದ್ದ ಲಾರಿ ಮಾಲೀಕನಿಗೂ ತಿಳಿಸಿದ್ದರು. ಒಟ್ಟು ಇಪ್ಪತ್ಮೂರು ಜನ. ತಿಳಿಸದೆ ಬಿಟ್ಟದ್ದು ಒಬ್ಬರಿಗೆ.

ಮೂರು ಸಲ ಎಣಿಸಿದರು. ನಾಲ್ಕನೆಯ ಸಲ ಎಣಿಸಲಿಲ್ಲ. ಅದೇ ಮೇಜಿನ ಮೇಲೆ ರಾಜೀನಾಮೆ ಬರೆದು, ಕೀಲಿಕೈಯನ್ನು ಡಾಕ್ಟರ ದವಾಖಾನೆಯಲ್ಲಿ ಕೊಟ್ಟು ಬಂದರು.

ಮರುದಿನ ಗುರುವಾರ ನಾಲ್ಕು ಗಂಟೆಗೆ, ಹೊಸ ಅರ್ಜಿಯ ನಮೂನೆ ಹಿಡಿದು ಮೆಟ್ಟಿಲು ಹತ್ತಿದರು. ಅಕ್ಕ ಬಾಗಿಲು ತೆರೆದು, “ಬನ್ನಿ ಕಾರ್ಯದರ್ಶಿಗಳೇ, ಬನ್ನಿ” ಎಂದರು.

“ನಿನ್ನೆಯಿಂದ ಅಲ್ಲ ಅಕ್ಕ. ಬಿಟ್ಟುಬಿಟ್ಟೆ. ಈಗ ನಿನ್ನ ಸಹಿ ನಡೆಯುತ್ತೆ.”

ಅಕ್ಕ ನಮೂನೆಯನ್ನು ತೆಗೆದುಕೊಂಡು ಹೊಲಿಗೆ ಯಂತ್ರದ ಮೇಲಿಟ್ಟರು. “ಕೂತ್ಕೊ. ಸಹಿ ಹೊಡೆದುಹಾಕಿದ್ದಕ್ಕೆ ನಂಗೇನೂ ಬೇಜಾರಿಲ್ಲ ಮರಿ. ನಿಯಮ ಇತ್ತು, ಹೊಡೆದುಹಾಕಿದೆ. ಆದ್ರೆ ಆವತ್ತು ಪಕ್ಕದ ಮನೆ ಟೈಲರಮ್ಮ ಮನೇಲೇ ಇದ್ದಳು. ಒಂದು ಕೂಗು ಹಾಕಿದ್ರೆ ಬಂದು ಸಹಿ ಹಾಕ್ತಿದ್ದಳು. ಬೀದಿಯೋರಿಗೆಲ್ಲ ಹೇಳೋಕೆ ನಿಂಗೆ ಬಾಯಿತ್ತು. ನಂಗೆ ರಸೀದಿ ಕೊಟ್ಟೆ.”

“ತಪ್ಪಾಯ್ತು ಅಕ್ಕ.”

“ಆಯ್ತು ಬಿಡು.”

“ಹಾಗಾದ್ರೆ ಸಹಿ?”

“ನಂದು ಬೇಡ. ಬೇರೆಯೋರ ಹತ್ರ ಹಾಕಿಸ್ಕೊ, ನಾಲ್ಕು ಜನಕ್ಕೆ ಉಪಕಾರವಾಗುತ್ತೆ. ನಂಗೆ ಕಂಬಿ ಬೇಕಾಗಿದ್ದು ಇಳಿಯೋಕೆ. ಇಳಿದು ಹೋಗೋಕೆ ಒಂದು ಮನೆ ಇತ್ತು ಆವಾಗ.”

ಮೀಟರಪ್ಪನವರು ಮೇಲ್ಸಾಲಿನ ಮನೆಗಳನ್ನೆಲ್ಲ ಸುತ್ತಿದರು. “ಏನ್ ಸಾರ್, ಮತ್ತೆ ಮೀಟರ್ ಓದೋಕೆ ಬಂದ್ರಾ?” ಎಂದು ಕೆಲವರು ತಮಾಷೆ ಮಾಡಿದರು. ಟೈಲರಮ್ಮನದು ಮೊದಲ ಸಹಿ. ಇಪ್ಪತ್ತೈದು ಸಾಕಾಗಿದ್ದರೂ ಮೂವತ್ತೊಂದು ಹಾಕಿಸಿದರು. 2012ರ ಅಕ್ಟೋಬರ್ 14ರ ಸಭೆಯಲ್ಲಿ ಕೋರಿಕೆ ಮಂಜೂರಾಯಿತು. ಅದೇ ಸಭೆಯಲ್ಲಿ ಹನ್ನೊಂದನೆಯ ನಿಯಮವನ್ನು ಕೈಬಿಡಬೇಕೆಂದು ಅವರು ಕೇಳಿಕೊಂಡದ್ದು ಮಾತ್ರ ಬಿದ್ದುಹೋಯಿತು. “ಆ ನಿಯಮ ಇರೋದ್ರಿಂದಲೇ ಸಾರ್ ಸಂಘಕ್ಕೆ ಮರ್ಯಾದೆ. ಹೊಸಬರಿಗೆಲ್ಲ ನಿಮ್ಮ ಅಕ್ಕನ ಕಥೇನೇ ಹೇಳ್ತೀವಿ” ಎಂದರು ಡಾಕ್ಟರು, ಪ್ರೀತಿಯಿಂದಲೇ.

2013ರ ಜನವರಿ 19, ಶನಿವಾರ, ಕಂಬಿ ಹಾಕುವ ಕೆಲಸ ಮುಗಿಯಿತು. ಅಕ್ಕ ಅದನ್ನು ಬಳಸಲಿಲ್ಲವೆಂದಲ್ಲ. ಆಸ್ಪತ್ರೆಗೆ ಹೋಗುವ ದಿನ ಅದನ್ನು ಹಿಡಿದೇ ಇಳಿಯುತ್ತಾರೆ. ತಮ್ಮನ ಬೀದಿಯ ತುದಿಯನ್ನು ದಾಟಿ ಬಸ್ಸಿನ ನಿಲ್ದಾಣಕ್ಕೆ ಹೋಗುತ್ತಾರೆ. ಒಮ್ಮೆ ಕಿಟಕಿಯಲ್ಲಿ ನಿಂತಿದ್ದ ನಾದಿನಿಗೆ ಕೈಯನ್ನೂ ಬೀಸಿದರಂತೆ.

ಗುರುವಾರಗಳಂದು ಈಗ ಹತ್ತಿ ಹೋಗುವವರು ಮೀಟರಪ್ಪನವರು. 2014ರ ಜುಲೈ 24ರಂದೂ ಹೋಗಿದ್ದರು. ಅಕ್ಕ ಕುರ್ಚಿ ಹಾಕಿದರು, ಚಹಾ ಕೊಟ್ಟರು. ನೀರು ಎರಡು ದಿನಕ್ಕೊಮ್ಮೆ ಬರುತ್ತಿರುವ ವಿಷಯ ಮಾತಾಯಿತು, ಟೈಲರಮ್ಮನ ಮಗಳ ಪರೀಕ್ಷೆಯ ವಿಷಯ ಮಾತಾಯಿತು. ಗೇಲಿಯ ಮಾತೊಂದೂ ಬರಲಿಲ್ಲ. ತಮ್ಮ ಏನನ್ನೋ ತಪ್ಪಾಗಿ ಹೇಳಿದರೂ, ಬೇಕೆಂದೇ ತಪ್ಪಾಗಿ ಹೇಳಿದರೂ, ಅಕ್ಕ ತಲೆಯಾಡಿಸಿ “ಇರಬಹುದು” ಎಂದರು. ಆರು ಗಂಟೆಗೆ ಮೀಟರಪ್ಪನವರು ಎದ್ದರು.

“ಮುಂದಿನ ಗುರುವಾರ ಬರ್ತೀನಿ ಅಕ್ಕ.”

“ಬಿಡುವಿದ್ರೆ ಬಾ” ಎಂದರು ಅಕ್ಕ. ಆಚೆಮನೆಯ ಟೈಲರಮ್ಮನಿಗೂ, ಹಾಲಿನವನಿಗೂ ಅವರು ಇದೇ ದನಿಯಲ್ಲಿ, ಇಷ್ಟೇ ಒಳ್ಳೆಯ ಮಾತಿನಲ್ಲಿ ಹೇಳುತ್ತಿದ್ದರು.