ಇಲ್ಲ ಎನ್ನಲು ಬಾರದವನ ಜೊತೆ ಹಡಗಿನಲ್ಲಿ

ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸ್ಯಾನ್ ಹೊಸೆಗೆ ಬಂದಿಳಿದ ಹೊಸ ಕನ್ನಡದವರು ಮೊದಲು ಬಾಯಿಪಾಠ ಮಾಡುತ್ತಿದ್ದ ಫೋನ್ ನಂಬರು ದ್ವಾರಕಾನಾಥನದು. ಏರ್‌ಪೋರ್ಟಿನಿಂದ ಕರೆತರಲು ಅವನೇ, ಅಪಾರ್ಟ್‌ಮೆಂಟು ಹುಡುಕಿಕೊಡಲು ಅವನೇ, ಯಾರೋ ಅಗ್ಗಕ್ಕೆ ಕೊಂಡ ಹಾಸಿಗೆಯನ್ನು ತನ್ನ ಸ್ಟೇಷನ್ ವ್ಯಾಗನ್ನಿನ ನೆತ್ತಿಗೆ ಕಟ್ಟಿಕೊಂಡು ಫ್ರೀವೇಯಲ್ಲಿ ತೆವಳಿಕೊಂಡು ಹೋಗಲೂ ಅವನೇ. ಕನ್ನಡ ಕೂಟದ ಹಾರ್ಮೋನಿಯಂ, ದೊಡ್ಡ ಪಾತ್ರೆಗಳು, ಮಡಿಸುವ ಕುರ್ಚಿಗಳು ಎಲ್ಲವೂ ಅವನ ಗರಾಜಿನಲ್ಲಿ. ಕಾರು ಮಾತ್ರ ವರ್ಷವಿಡೀ ಬೀದಿಯಲ್ಲಿ.

ಅವನ ಹೆಂಡತಿ ಮೈಥಿಲಿ, ಮೈಸೂರಿನ ಒಂಟಿಕೊಪ್ಪಲಿನವಳು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಮನೆಯವರಿಗೆಂದು ರುಬ್ಬಿಟ್ಟ ದೋಸೆಹಿಟ್ಟು ಭಾನುವಾರ ಬೆಳಗಾಗುವಷ್ಟರಲ್ಲಿ ಯಾರ್ಯಾರಿಗೋ ಆಗುತ್ತಿತ್ತು. ಬಾಗಿಲಲ್ಲಿ ಗುರುತಿಲ್ಲದ ದಂಪತಿಗಳನ್ನು ನಿಲ್ಲಿಸಿಕೊಂಡು ದ್ವಾರಕಾನಾಥ ಅಡುಗೆಮನೆಗೆ ಬಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದ: "ಹೇಳ್ಬಿಟ್ಟಿದೀನಿ ಮೈಥಿಲಿ. ಈಗ ಹೇಗೆ ಬೇಡ ಅನ್ನೋದು?"

ಮದುವೆಯಾದಾಗಿನಿಂದ ಅವಳು ಕೇಳಿಕೊಂಡು ಬಂದದ್ದು ಈ ಮಾತನ್ನೇ. ಬೇಡ, ಆಗಲ್ಲ, ಇಲ್ಲ, ಈ ಮೂರು ಶಬ್ದಗಳನ್ನು ಅವನಿಗೆ ಯಾರೂ ಕಲಿಸಿಯೇ ಇರಲಿಲ್ಲವೇನೋ.

ಎಂಬತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಲ್ಯಾಬಿನ ಗೆಳತಿಯೊಬ್ಬಳು ಅಲಾಸ್ಕಾಕ್ಕೆ ಹಡಗಿನಲ್ಲಿ ಹೋಗಿ ಬಂದಳು. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಹತ್ತಬಹುದು, ಈಜುಕೊಳ ಇದೆ, ನಾಟಕಶಾಲೆ ಇದೆ, ಹೊತ್ತು ಹೊತ್ತಿಗೆ ಊಟ ಇದೆ ಎಂದು ಅವಳು ವರ್ಣಿಸುತ್ತಿದ್ದಾಗ ಮೈಥಿಲಿ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿಗೆ ಯಾರಾದರೂ ಫೋನ್ ಮಾಡಬಹುದಾ?" ನಡುನೀರಿನಲ್ಲಿ ಯಾರು ಮಾಡುತ್ತಾರೆ ಎಂದು ಗೆಳತಿ ನಕ್ಕಳು. ಮೈಥಿಲಿ ಆ ವಾರವೇ ಟಿಕೆಟ್ ಮಾಡಿಸಿದಳು. ಗಂಡನಿಗೆ ತಿಳಿಸಿದ್ದು ಆಮೇಲೆ.

"ಅಷ್ಟು ದಿನ ಕೂತ್ಕೊಂಡು ಏನ್ಮಾಡೋದು?" ಎಂದ ಅವನು.

"ಕೂತ್ಕೊಳ್ಳೋದು," ಎಂದಳು ಮೈಥಿಲಿ. "ನಾನು, ನೀವು, ಇಂದು. ಕೂತ್ಕೊಂಡು ಸಮುದ್ರ ನೋಡೋದು."

ಇಂದು ಅವರ ಮಗಳು, ಹೈಸ್ಕೂಲಿಗೆ ಹೊಸದಾಗಿ ಸೇರಲಿದ್ದವಳು. ಕನ್ನಡದಲ್ಲಿ ಬೈದರೂ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಡ್ಯಾಡ್ ವಿಲ್ ನೆವರ್ ಸಿಟ್," ಎಂದು ಅವಳು ಆಗಲೇ ಭವಿಷ್ಯ ನುಡಿದಳು.

ಹಡಗು ಒಂದು ಊರಿನಷ್ಟು ದೊಡ್ಡದಿತ್ತು. ಹತ್ತಿದ ಮೊದಲ ದಿನವೇ ಎಲ್ಲರೂ ಕಿತ್ತಳೆ ಬಣ್ಣದ ಲೈಫ್ ಜಾಕೆಟು ತೊಟ್ಟು ಡೆಕ್ಕಿನ ಮೇಲೆ ಸಾಲಾಗಿ ನಿಲ್ಲಬೇಕಿತ್ತು; ಅಪಾಯ ಬಂದರೆ ಏನು ಮಾಡಬೇಕೆಂಬುದರ ಕವಾಯತು. ಪಕ್ಕದ ಮುದುಕರೊಬ್ಬರಿಗೆ ಜಾಕೆಟಿನ ದಾರ ಕಟ್ಟಲು ಬರಲಿಲ್ಲ. ದ್ವಾರಕಾನಾಥ ಕಟ್ಟಿಕೊಟ್ಟ. ಅವರ ಹೆಂಡತಿಗೂ ಕಟ್ಟಿಕೊಟ್ಟ. ಅಷ್ಟರಲ್ಲಿ ಅವರ ಹಿಂದಿನವರು ಇವನನ್ನು ಹಡಗಿನ ಸಿಬ್ಬಂದಿ ಎಂದುಕೊಂಡು ಸಾಲು ನಿಂತರು. ಸ್ಯಾನ್ ಫ್ರಾನ್ಸಿಸ್ಕೊದ ಗುಡ್ಡಗಳು ದೂರ ಸರಿಯುವುದನ್ನು ಗಂಡನ ಜೊತೆ ನೋಡಬೇಕೆಂದು ಅಂಚಿಗೆ ಹೋಗಿ ನಿಂತಿದ್ದ ಮೈಥಿಲಿ ತಿರುಗಿ ನೋಡಿದರೆ ಅವನು ಸಾಲಿನ ಕೊನೆಯಲ್ಲಿ ಬಗ್ಗಿ ಯಾರದೋ ಮಗುವಿಗೆ ಗಂಟು ಹಾಕುತ್ತಿದ್ದ.

"ಬಂದೆ, ಎರಡು ನಿಮಿಷ!" ಎಂದು ಅಲ್ಲಿಂದಲೇ ಕೈಯೆತ್ತಿದ.

ಅವನನ್ನು ಹಾಗೆ ಕಂಡವಳು ಡೋರೀನ್. ಪ್ರಯಾಣಿಕರಿಗೆ ಆಟಪಾಟ ಆಡಿಸುವ ಉಸ್ತುವಾರಿ ಹೊತ್ತಿದ್ದ ಹೆಂಗಸು. ಬಿಳಿ ಪ್ಯಾಂಟು, ಕೈಯಲ್ಲಿ ಮೈಕು, ಆಟಕ್ಕೆ ಯಾವಾಗಲೂ ಒಂದು ತಲೆ ಕಡಿಮೆ ಬಿದ್ದಿರುವಂಥ ಅವಸರ. ಮರುದಿನ ಬೆಳಗ್ಗೆ ಕೋಲಿನಿಂದ ಮರದ ಬಿಲ್ಲೆ ತಳ್ಳುವ ಆಟಕ್ಕೆ ಒಬ್ಬರು ಕಡಿಮೆ ಬಿದ್ದರು. ದ್ವಾರಕಾನಾಥ ಹೋದ. ಮಧ್ಯಾಹ್ನ ಪಿಂಗ್‌ಪಾಂಗ್ ಪಂದ್ಯಕ್ಕೆ ಅಂಪೈರು ಬೇಕಾಯಿತು. ಹೋದ. ಡೋರೀನಳ ಗಂಟಲು ಕಟ್ಟಿದ್ದರಿಂದ ನಮ್ಮ ತಂಬೋಲದಂಥ ಬಿಂಗೊ ಆಟದಲ್ಲಿ ನಂಬರು ಕೂಗಲು ಒಬ್ಬರು ಬೇಕಾಯಿತು. ಅದಕ್ಕೂ ಹೋದ. ಕತ್ತಿಗೊಂದು ಸೀಟಿ ಬಂತು. ಊಟದ ಹೊತ್ತಿಗೆ ಜನ ಅವನನ್ನು ತಡೆದು ಸಿನಿಮಾ ಎಷ್ಟು ಗಂಟೆಗೆ, ಟವೆಲು ಎಲ್ಲಿ ಕೊಡುತ್ತಾರೆ ಎಂದು ವಿಚಾರಿಸುತ್ತಿದ್ದರು. ಅವನಿಗೆ ಎಲ್ಲವೂ ಗೊತ್ತಿತ್ತು.

ಮೈಥಿಲಿ ಡೆಕ್ಕಿನ ಮೇಲೆ ಎರಡು ಕುರ್ಚಿ ಹಿಡಿದು ಕೂತಳು. ಒಂದರ ಮೇಲೆ ಅವಳು, ಇನ್ನೊಂದರ ಮೇಲೆ ಅವಳ ಸ್ವೆಟರು. ಯಾರಾದರೂ ಬಂದು ಇದು ಖಾಲಿಯೇ ಎಂದು ಕೇಳಿದಾಗ ಇಲ್ಲ, ಗಂಡ ಬರುತ್ತಾರೆ ಎನ್ನುತ್ತಿದ್ದಳು. ಮೂರನೆಯವರಿಗೆ ಹಾಗೆ ಹೇಳುವಾಗ ಅವಳಿಗೇ ನಾಚಿಕೆಯಾಯಿತು. ಇಂದು ತನ್ನ ವಯಸ್ಸಿನ ಹುಡುಗಿಯರ ಗುಂಪು ಹಿಡಿದಿದ್ದಳು. ಬೇಸರ ಕಳೆಯಲೆಂದು ಮೈಥಿಲಿ ನ್ಯಾಪ್ಕಿನ್ನನ್ನು ಹಂಸದ ಹಾಗೆ ಮಡಿಸುವ ಕ್ಲಾಸಿಗೆ ಹೋದರೆ ಅಲ್ಲಿ ನ್ಯಾಪ್ಕಿನ್ನು ಹಂಚುತ್ತಿದ್ದವನೂ ತನ್ನ ಗಂಡನೇ.

"ಓ, ನೀನೂ ಬಂದ್ಯಾ!" ಎಂದು ಅವನು ಸಂತೋಷಪಟ್ಟು ಅವಳಿಗೂ ಒಂದು ಕೊಟ್ಟು ಮುಂದಿನ ಮೇಜಿಗೆ ಹೋದ.

ಊಟದ ಮೇಜಿನಲ್ಲೂ ಅದೇ ಕಥೆ. ಸಸ್ಯಾಹಾರವೆಂದು ದಿನವೂ ಬೇಯಿಸಿದ ಕ್ಯಾರೆಟ್ಟು, ಬೇಯಿಸಿದ ಆಲೂಗಡ್ಡೆ. ಹಾಗಾಗುತ್ತದೆಂದು ಗೊತ್ತಿದ್ದೇ ಮೈಥಿಲಿ ಡಬ್ಬಿ ತುಂಬ ಚಟ್ನಿಪುಡಿ ತಂದಿದ್ದಳು. ಪಕ್ಕದವರು ಅದೇನೆಂದು ಕೇಳಿದ್ದೇ ತಡ, ದ್ವಾರಕಾನಾಥ ಡಬ್ಬಿಯನ್ನು ಮೇಜಿನ ಸುತ್ತ ಕಳಿಸಿದ. ಆ ಮೇಜು ಮುಗಿಸಿ ಅದು ಪಕ್ಕದ ಮೇಜಿಗೂ ಹೋಯಿತು. ಹಿಂದಿರುಗಿ ಬಂದಾಗ ತಳದಲ್ಲಿ ಒಂದು ಒಣಮೆಣಸಿನ ಚೂರು ಮಾತ್ರ ಅಂಟಿಕೊಂಡಿತ್ತು.

"ಎಲ್ರೂ ಎಷ್ಟು ಇಷ್ಟಪಟ್ರು ನೋಡು!" ಎಂದ ಅವನು.

ಮೈಥಿಲಿ ಕ್ಯಾರೆಟ್ಟನ್ನು ಫೋರ್ಕಿನಿಂದ ಚುಚ್ಚಿದಳು. ಚುಚ್ಚಿದ ರಭಸಕ್ಕೆ ಅದು ಎರಡಾಯಿತು.

ಇಷ್ಟಾದರೂ ಅವಳು ಒಂದು ದಿನವನ್ನು ನಂಬಿಕೊಂಡಿದ್ದಳು. ಹಡಗು ಹಿಮನದಿಯ ಎದುರು ನಿಲ್ಲುವ ದಿನ. ಅವತ್ತು ಆಟಗಳಿಲ್ಲ, ಎಲ್ಲರೂ ಹೊರಗೆ ಬಂದು ನೋಡುವುದಷ್ಟೇ. ಬೆಳಗ್ಗೆಯೇ ಗಂಡನಿಂದ ಮಾತು ತೆಗೆದುಕೊಂಡಳು. ಅವನು ಸೀಟಿಯನ್ನು ಕ್ಯಾಬಿನ್ನಿನಲ್ಲಿ ಬಿಟ್ಟು ಬಂದ. ಇಬ್ಬರೂ ಅಂಚಿನ ಕಂಬಿ ಹಿಡಿದು ನಿಂತರು. ಎದುರಿಗೆ ನೀಲಿ ಹೊಳೆಯುವ ಹಿಮದ ಗೋಡೆ. ಇಂಥ ಚಳಿಯಲ್ಲಿ ಹೆಗಲಿಗೆ ಹೆಗಲು ತಾಕಿಸಿ ನಿಂತು ಎಷ್ಟು ಕಾಲವಾಯಿತೋ ಎಂದು ಅವಳು ಯೋಚಿಸುತ್ತಿರುವಾಗ, ಮೊದಲ ದಿನ ಜಾಕೆಟು ಕಟ್ಟಿಸಿಕೊಂಡಿದ್ದ ಮುದುಕರು ಆ ಕಡೆಯಿಂದ ಕೈಬೀಸಿದರು. ಅವರ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ಗಾಳಿಗೆ ನಿಲ್ಲುತ್ತಿರಲಿಲ್ಲ.

"ಬಂದೆ, ಎರಡು ನಿಮಿಷ."

ಸ್ವಲ್ಪ ಹೊತ್ತಿಗೆ ಗುಡುಗಿದಂತೆ ಸದ್ದಾಯಿತು. ಹಿಮದ ಗೋಡೆಯ ಒಂದು ಪಕ್ಕ ಪೂರ್ತಿಯಾಗಿ ಕಳಚಿ, ಅವಸರವೇ ಇಲ್ಲದ ಹಾಗೆ ಜಾರಿ, ನೀರಿಗೆ ಬಿತ್ತು. ನೀರು ಮನೆಯೆತ್ತರ ಹಾರಿತು. "ರೀ, ನೋಡಿ!" ಎಂದು ಮೈಥಿಲಿ ಪಕ್ಕದವನ ತೋಳು ಹಿಡಿದಳು. ತುಪ್ಪಳದ ಟೋಪಿ ತೊಟ್ಟ ಅಪರಿಚಿತನೊಬ್ಬ ಗಾಬರಿಯಾಗಿ ಅವಳನ್ನು ನೋಡಿದ. ಅವಳು ಸಾರಿ ಎಂದು ಕೈತೆಗೆದುಕೊಂಡಳು. ಎರಡನೆಯ ಸಲ ಬಿದ್ದಾಗ ಅವಳು ಕಣ್ಣೆತ್ತಿ ನೋಡಲೂ ಇಲ್ಲ.

ಇದಾದ ಮರುದಿನ ದ್ವಾರಕಾನಾಥ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

"ಮಧ್ಯಾಹ್ನ ಗಂಡ ಹೆಂಡ್ತಿ ಆಟ ಇದೆಯಂತೆ. ಒಂದು ಜೋಡಿಗೆ ವಾಂತಿ ಶುರುವಾಗಿದೆ. ಡೋರೀನ್ ತುಂಬಾ ಕೇಳ್ಕೊಂಡ್ಳು."

"ನಾನು ಸ್ಟೇಜ್ ಹತ್ತಲ್ಲ."

"ಹೇಳ್ಬಿಟ್ಟಿದೀನಿ ಮೈಥಿಲಿ."

ಅವಳು ಎದ್ದು ಸೀರೆ ಬದಲಾಯಿಸಿದಳು. ಅದನ್ನು ಅವನು ಒಪ್ಪಿಗೆ ಎಂದುಕೊಂಡ.

ಆಟ ಸರಳವಾಗಿತ್ತು. ಗಂಡಂದಿರನ್ನು ಹೊರಗೆ ಕಳಿಸಿ ಹೆಂಡತಿಯರನ್ನು ಪ್ರಶ್ನೆ ಕೇಳುವುದು. ಆಮೇಲೆ ಗಂಡಂದಿರನ್ನು ಕರೆಸಿ ಅವೇ ಪ್ರಶ್ನೆಗಳನ್ನು ಕೇಳುವುದು. ಉತ್ತರ ಹೊಂದಿದರೆ ಗೆಲುವು. ಸಭಾಂಗಣ ತುಂಬಿತ್ತು. ಇಂದು ಹಿಂದಿನ ಸಾಲಿನಲ್ಲಿ ಗೆಳತಿಯರ ನಡುವೆ ಮುಖ ಮುಚ್ಚಿಕೊಂಡು ಕೂತಿದ್ದಳು. ಬೆಳಗ್ಗೆ ಎದ್ದ ಕೂಡಲೇ ಗಂಡನಿಗೆ ಏನು ಬೇಕು ಎಂಬುದಕ್ಕೆ ಮೈಥಿಲಿ ಕಾಫಿ ಎಂದಳು. ಗಂಡನ ಬಾಯಿಂದ ಅತಿ ಹೆಚ್ಚು ಕೇಳುವ ಮಾತು ಯಾವುದು ಎಂಬುದಕ್ಕೆ "ಬಂದೆ, ಎರಡು ನಿಮಿಷ" ಎಂದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಕೊನೆಗೆ ಡೋರೀನ್ ಕೇಳಿದಳು: ಈ ಹಡಗಿನಲ್ಲಿ ನೀವಿಬ್ಬರೂ ಒಟ್ಟಿಗೆ ಕಳೆದ ಅತ್ಯಂತ ಸುಂದರ ಗಳಿಗೆ ಯಾವುದು?

ಮೈಥಿಲಿ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ಒಟ್ಟಿಗೆಯಾ? ಅಂಥ ಗಳಿಗೆ ಇನ್ನೂ ಬಂದಿಲ್ಲ. ನನ್ನ ಗಂಡ ನಿಮ್ಮ ಹತ್ತಿರ ಕೆಲಸಕ್ಕಿದ್ದಾರೆ."

ನಗು ಛಾವಣಿ ಮುಟ್ಟಿತು. ಡೋರೀನ್ ಕೂಡ ನಕ್ಕಳು, ಕೆನ್ನೆ ಕೆಂಪಾಗಿಸಿಕೊಂಡು.

ದ್ವಾರಕಾನಾಥನ ಸರದಿ ಬಂತು. ಕಾಫಿ ಹೊಂದಿತು. ತಾನು ಹೆಚ್ಚಾಗಿ ಆಡುವ ಮಾತು "ಥ್ಯಾಂಕ್ ಯೂ" ಇರಬಹುದು ಎಂದ. ಕೊನೆಯ ಪ್ರಶ್ನೆಗೆ ಅವನು ಯೋಚಿಸಲೂ ಇಲ್ಲ. "ನಿನ್ನೆ, ಆ ಹಿಮ ಕಳಚಿ ಬಿದ್ದಾಗ," ಎಂದ. "ನಾವಿಬ್ಬರೂ ಕಂಬಿ ಹಿಡಿದು ನಿಂತು ನೋಡಿದೆವು."

ಮೈಥಿಲಿ ಅವನ ಮುಖ ನೋಡಿದಳು. ಸುಳ್ಳು ಹೇಳುವ ಮುಖವಲ್ಲ ಅದು. ಅವನಿಗೆ ನಿಜಕ್ಕೂ ಹಾಗೆಯೇ ನೆನಪಿತ್ತು. ಸುಳ್ಳಾಡಿದ್ದರೆ ಅವಳಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಅವಳ ಉತ್ತರವನ್ನು ಡೋರೀನ್ ಓದಿದಾಗ ಸಭೆ ಇನ್ನೊಮ್ಮೆ ನಕ್ಕಿತು. ದ್ವಾರಕಾನಾಥನೂ ನಕ್ಕ. ಕ್ಯಾಬಿನ್ನಿಗೆ ಬಂದ ಮೇಲೆ ನಗಲಿಲ್ಲ.

"ಅಷ್ಟು ಜನರ ಮುಂದೆ ಹೇಳ್ಬೇಕಿತ್ತಾ?"

"ಜನರ ಮುಂದೆ ಹೇಳಿದ್ರೇನೇ ನಿಮಗೆ ಕೇಳ್ಸೋದು."

"ನಾನು ಯಾರಿಗಾದ್ರೂ ಕೆಟ್ಟದ್ದು ಮಾಡಿದೀನಾ?"

"ಅದೇ ಕಷ್ಟ. ಕೆಟ್ಟದ್ದು ಮಾಡಿದ್ರೆ ಬೈದು ಹಗುರ ಆಗ್ಬಹುದಿತ್ತು."

ಅವನು ಹಾಸಿಗೆಯ ತುದಿಯಲ್ಲಿ ಕೂತು ಬೂಟಿನ ದಾರ ಬಿಚ್ಚಿದ, ಮತ್ತೆ ಕಟ್ಟಿದ. "ಯಾರಾದ್ರೂ ಕೇಳಿದಾಗ ಎದೆ ಹೊಡ್ಕೊಳ್ಳುತ್ತೆ ಮೈಥಿಲಿ. ಇಲ್ಲ ಅಂದ್ರೆ ಅವರ ಮುಖ ಹೇಗಾಗುತ್ತೋ ಅಂತ. ಅದಕ್ಕೆ ಬೇಗ ಹೂಂ ಅಂದ್ಬಿಡ್ತೀನಿ."

"ನನ್ನ ಮುಖ ಹೇಗಾಗುತ್ತೆ ಅಂತ ಯಾವತ್ತಾದ್ರೂ ನೋಡಿದೀರಾ?"

ಅವನು ತಲೆಯೆತ್ತಿ ನೋಡಿದ. ಆಗ ನೋಡಿ ಏನು ಪ್ರಯೋಜನ? ಅವಳು ಕಿಟಕಿಯ ಕಡೆ ತಿರುಗಿದ್ದಳು.

ಮರುದಿನದಿಂದ ಮೈಥಿಲಿ ಹಡಗಿನಲ್ಲಿ ಹೆಸರುವಾಸಿಯಾದಳು. ಸ್ಯಾನ್ ಹೊಸೆಗೆ ಹತ್ತಿರದ ಡ್ಯಾನ್‌ವಿಲ್ ಊರಿನ ಹೆಂಗಸೊಬ್ಬಳು ತಾನೇ ಕುರ್ಚಿ ಎಳೆದುಕೊಂಡು ಬಂದು, ನಮ್ಮೆಲ್ಲರ ಮಾತನ್ನೂ ನೀನೇ ಆಡಿದೆ ಎಂದು ಬೆನ್ನು ತಟ್ಟಿದಳು. ಗಾಲ್ಫ್ ಆಡುವ ತನ್ನ ಗಂಡನನ್ನು ಮನಸಾರೆ ಬೈದಳು. ಮೈಥಿಲಿಗೆ ಹಿತವೆನಿಸಿತು. ಆಮೇಲೆ ಆ ಹೆಂಗಸು, "ನಿನ್ನ ಗಂಡ ಪಾಪ, ಯಾರು ಬೇಕಾದರೂ ಬಳಸಿ ಬಿಸಾಕಬಹುದಾದಂಥ ಮನುಷ್ಯ, ಅಲ್ಲವಾ?" ಎಂದಳು.

ಮೈಥಿಲಿಯ ಬೆನ್ನು ನೆಟ್ಟಗಾಯಿತು. ಹೆರಿಗೆ ನೋವು ಬಂದವಳನ್ನು ಆಸ್ಪತ್ರೆಗೆ ಸೇರಿಸಿ, ಅವಳ ಗಂಡ ಊರಿನಿಂದ ಬರುವ ತನಕ ಹೊರಗಿನ ಬೆಂಚಿನಲ್ಲೇ ಕೂತಿದ್ದವನು ತನ್ನ ಗಂಡ ಎಂದಳು. ಕೆಲಸ ಕಳೆದುಕೊಂಡವರು ತಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದದ್ದನ್ನು ಹೇಳಿದಳು. ಹೇಳುತ್ತ ಹೇಳುತ್ತ ದನಿ ಏರಿತು. ಆ ಹೆಂಗಸು ಕುರ್ಚಿ ಬಿಟ್ಟು ಎದ್ದು ಹೋದಳು. ನನ್ನ ಗಂಡನನ್ನು ಬೈಯುವ ಹಕ್ಕು ನನ್ನದು, ಇವಳಿಗೇನು ಬಂತು ಎಂದು ಮೈಥಿಲಿ ಕುದಿಯುತ್ತ ಕೂತಳು. ಅವನ ಮೇಲೂ ಸಿಟ್ಟು, ಅವನ ಪರ ವಾದಿಸಿದ ತನ್ನ ಮೇಲೂ ಸಿಟ್ಟು.

ಆ ಹೊತ್ತಿಗೆ ಸ್ವಲ್ಪ ದೂರದಲ್ಲಿ ಡೋರೀನ್ ದ್ವಾರಕಾನಾಥನನ್ನು ಹಿಡಿದಿದ್ದಳು. ಪಿಂಗ್‌ಪಾಂಗ್ ಫೈನಲ್ಲು ಇತ್ತು. ಅವನು ಕೈ ಹೊಸಕಿಕೊಂಡ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಕೊನೆಗೆ ಗಾಳಿಯಲ್ಲಿ ಅವನ ಇಂಗ್ಲಿಷು ತೇಲಿ ಬಂತು: "ಸಾರಿ ಡೋರೀನ್. ಮೈ ವೈಫ್ ವಿಲ್ ನಾಟ್ ಅಲೌ."

ಡೋರೀನ್ ದೂರದಿಂದ ಮೈಥಿಲಿಯನ್ನು ನೋಡಿದಳು. ಹುಲಿಯ ಬೋನಿನ ಕಡೆ ನೋಡುವಂತಿತ್ತು ಆ ನೋಟ. ದ್ವಾರಕಾನಾಥ ಬೀಗುತ್ತ ಬಂದು ಸ್ವೆಟರನ್ನು ತೆಗೆದು ಕುರ್ಚಿಯಲ್ಲಿ ಕೂತ.

"ಅಂದ್ಬಿಟ್ಟೆ! ಇಲ್ಲ ಅಂದ್ಬಿಟ್ಟೆ ನೋಡು!"

"ನನ್ನ ಹೆಸರು ಹೇಳಿ."

"ಅದು ಸುಲಭ ಆಯ್ತು," ಎಂದ ಅವನು, ಪ್ರಾಮಾಣಿಕವಾಗಿ.

ಮೈಥಿಲಿಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಜೀವಮಾನದಲ್ಲಿ ಅವನ ಬಾಯಿಂದ ಮೊದಲ ಸಲ ಹೊರಟ 'ಇಲ್ಲ'ವೂ ಅವಳ ತಲೆಗೇ ಬಂದು ಕೂತಿತ್ತು. ಆದರೂ ಅವನು ಕೂತ. ಕಾಲು ಕುಣಿಸುತ್ತ, ಹೋಗಿ ಬರುವವರನ್ನೆಲ್ಲ ಆಸೆಯಿಂದ ನೋಡುತ್ತ, ಸಂಜೆಯ ಊಟದ ಗಂಟೆ ಆಗುವ ತನಕ ಕೂತೇ ಇದ್ದ. ಇಂದು ಒಮ್ಮೆ ಬಂದು ನೋಡಿ, "ಓ ಮೈ ಗಾಡ್, ಹೀ ಈಸ್ ಸಿಟಿಂಗ್," ಎಂದು ಹೋದಳು.

ಊರಿಗೆ ಮರಳಿದ ಮೇಲೆ ಆ ಮಾತು ಅವನಿಗೆ ಚೆನ್ನಾಗಿ ಒಗ್ಗಿಹೋಯಿತು. ಮೈಥಿಲಿ ಒಪ್ಪಲ್ಲ, ಮೈಥಿಲಿ ಬಿಡಲ್ಲ, ಮೈಥಿಲೀನ ಕೇಳ್ಬೇಕು. ಕೆಲವೇ ತಿಂಗಳಲ್ಲಿ ಸುತ್ತಲಿನ ಕನ್ನಡದವರಲ್ಲೆಲ್ಲ, ಸರಟೋಗಾದಿಂದ ಡ್ಯಾನ್‌ವಿಲ್ ತನಕ, ಅವಳು ಬಿಗಿ ಹೆಂಗಸೆಂದು ಹೆಸರಾಯಿತು. ಮೊದಮೊದಲು ಅವಳು ಉರಿದುಬಿದ್ದಳು. ಆಮೇಲೆ, ಹೇಗೂ ಹೆಸರು ಕೆಟ್ಟಿದೆ, ಅದನ್ನು ಉಪಯೋಗಿಸಿಕೊಳ್ಳೋಣ ಎಂದುಕೊಂಡಳು.

ಮಂಡ್ಯದ ಕಡೆಯ ದೇವರಾಜು ಆಗಷ್ಟೇ ಸ್ಯಾನ್ ಹೊಸೆಗೆ ಬಂದು ನೆಲೆಸಿದ್ದ. ಒಂದು ಸಂಜೆ ಬಾಗಿಲಲ್ಲಿ ನಿಂತು, ಒಳಗೆ ಹುರುಳಿಕಾಯಿ ಹೆಚ್ಚುತ್ತಿದ್ದ ದ್ವಾರಕಾನಾಥನ ಕಡೆ ತಪ್ಪಿಯೂ ನೋಡದೆ ಅವಳನ್ನೇ ಕೇಳಿದ: "ಅಕ್ಕಾರೇ, ಭಾನುವಾರ ಸೋಫಾ ಸಾಗಿಸ್ಬೇಕಿತ್ತು. ಸಾರ್‌ನ ಕಳಿಸಿಕೊಡ್ತೀರಾ? ನಿಮ್ಮನ್ನೇ ಕೇಳ್ಬೇಕಂತೆ."

"ಭಾನುವಾರ ಆಗಲ್ಲ ದೇವರಾಜು. ಶನಿವಾರ ಬೆಳಗ್ಗೆ ಕಳಿಸ್ತೀನಿ, ಮಧ್ಯಾಹ್ನದ ಊಟಕ್ಕೆ ವಾಪಸ್ ಕಳಿಸ್ಬೇಕು."

ಒಳಗಿನಿಂದ ದ್ವಾರಕಾನಾಥನ ದನಿ ಬಂತು. "ಪಾಪ ಮೈಥಿಲಿ, ಅವನಿಗೆ ಭಾನುವಾರಾನೇ..."

"ರೀ," ಎಂದಳು ಮೈಥಿಲಿ.

ಅವನು ಹುರುಳಿಕಾಯಿ ಹೆಚ್ಚುವುದನ್ನು ಮುಂದುವರಿಸಿದ.